ಫೌಜಿನ ಕಮಿಷನ್

ಕಾಳಿನ ಪೇಟೆಯಾದ ಗಾಂಧಿ ಗಂಜಿನಲ್ಲಿ ಯಾವ ಮಾತನ್ನು ಬೇಕಾದರೂ ಕೂಗಿ ಹೇಳಬಹುದು, ‘ಕಮಿಷನ್’ ಎಂಬುದೊಂದನ್ನು ಬಿಟ್ಟು. ರೈತರ ಮಾಲು ಮಾರಿಸಿ ದಲಾಲಿ ಪಡೆಯುವ ಖಾಸಿಂ ಅಲಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮಕಿ ಮಾಡುತ್ತಲೇ ತಲೆ ನರೆಸಿಕೊಂಡಿದ್ದ ಥಾಮಸನಿಗೆ ಇದು ಗೊತ್ತಿರಬೇಕಿತ್ತು. ಆದರೆ ಅಂದು ಅವನ ಕಾಲು ನೆಲಕ್ಕೆ ತಾಕುತ್ತಿರಲಿಲ್ಲ. ಹಲ್ಲಿನ ಡಾಕ್ಟರಿಕೆ ಓದಿದ ಮಗಳು ಏಂಜೆಲ ಸೈನ್ಯಕ್ಕೆ ದಂತವೈದ್ಯಳಾಗಿ ಆಯ್ಕೆಯಾಗಿದ್ದಳು. ಸೇರುವಾಗಲೇ ಕ್ಯಾಪ್ಟನ್! ದೃಷ್ಟಿಯಾದೀತೆಂದು ಯಾರಿಗೂ ಹೇಳಿರಲಿಲ್ಲ. ಸಂಜೆ ಭಾಲ್ಕಿಯಿಂದ ಅವಳ ರೈಲು. ಹತ್ತಿಸಿ ಬರಲು ಅರ್ಧ ದಿನದ ರಜೆ ಬೇಕಿತ್ತು.

“ಸಾಹುಕಾರ್ರ, ನನ್ನ ಮಗಳಿಗಿ ಹಲ್ಲಿನ ಡಾಕ್ಟರ್ ಅಂತ...”

ಅಷ್ಟರಲ್ಲಿ ಹಿಂದಕ್ಕೆ ಬರುತ್ತಿದ್ದ ಲಾರಿಯೊಂದು ಈಯಲಿರುವ ಎಮ್ಮೆಯಂತೆ ಒದರಿತು. ಥಾಮಸ ದನಿ ಏರಿಸಿದ.

“...ಫೌಜಿನಾಗ ಕಮಿಷನ್ ಸಿಕ್ಕದರಿ!”

ತೊಗರಿ ರಾಶಿಯೊಳಗಿದ್ದ ಖಾಸಿಂ ಅಲಿಯ ಕೈ ಅಲ್ಲೇ ನಿಂತಿತು. ಹಲ್ಲಿನ ಡಾಕ್ಟರೆಂಬುದು ಲಾರಿಯ ಸದ್ದಿನಲ್ಲಿ ಕೇಳಿಸದಿದ್ದರೂ ಕೊನೆಯ ಮಾತು ಸ್ಪಷ್ಟವಾಗಿ ಕೇಳಿಸಿತ್ತು.

“ಫೌಜಿನಾಗ? ಕಮಿಷನ್?”

“ಹೌದ್ರಿ. ಸಾವಿರಾರು ಜವಾನರ ಬಾಯಿ ಇನ್ಮ್ಯಾಗ ಆಕಿನೇ ನೋಡ್ಕೋಬೇಕು.”

“ಯಾ ಅಲ್ಲಾ! ಅಷ್ಟೂ ಬಾಯಿ?”

“ಅಗಿಯೋದು ಸರಿ ಇದ್ರನೇ ಫೌಜ್ ನಡೀತದ ಅಂತಾಳ್ರಿ.”

ಖಾಸಿಂ ಅಲಿಯ ಕಣ್ಣ ಮುಂದೆ ಬೇಳೆಯ ಲಾರಿಗಳು ಗಂಜಿನಿಂದ ಕಾಶ್ಮೀರದವರೆಗೆ ಸಾಲುಗಟ್ಟಿದವು. ‘ಏ ಥಾಮಸ’ ಎನ್ನುತ್ತಿದ್ದವನು ‘ಥಾಮಸ ಭಾಯ್’ ಎಂದ. ತನ್ನ ಗಾದಿಯ ಮೇಲೆ ಕೂಡಿಸಿ ಕೆನೆ ಚಹಾ ತರಿಸಿದ.

ಸುದ್ದಿ ಗಂಜಿನಲ್ಲಿ ಇಲಿಯಂತೆ ಅಂಗಡಿಯಿಂದ ಅಂಗಡಿಗೆ ನುಗ್ಗಿತು. ಅಡತಿಯವರು ಬಂದು ಕೈ ಕುಲುಕಿದರು. ಹಮಾಲರು ಮೂಟೆ ಇಳಿಸಿ ದಿಟ್ಟಿಸಿದರು. ತೊಗರಿ ಮಾರಲು ಔರಾದಿನಿಂದ ಬಂದಿದ್ದ ರೈತ ಹಣಮಂತ, ಒಂದು ಹಿಡಿ ಕಾಳನ್ನು ಥಾಮಸನ ಅಂಗೈಗೆ ಸುರಿದು ಕೈ ಮುಗಿದ.

“ಕರಿ ಮಣ್ಣಿನ ಮಾಲ್ರಿ. ಗಡಿ ಕಾಯೋರ ಬಾಯಿಗಿ ಬೀಳಬೇಕು. ಕುರಿ ಬೇಕಂದ್ರ ಅವೂ ಅವರಿ.”

ಎಂಥ ದೇಶಭಕ್ತಿ ಎಂದು ಥಾಮಸನ ಕಣ್ಣು ತೇವವಾಯಿತು. ಒಬ್ಬ ಮುನೀಮನ ಮಗಳಿಗೆ ಇಷ್ಟು ಗೌರವವೇ! ಅಷ್ಟರಲ್ಲಿ ಹೆಂಡತಿ ಸುಸನ್ನಾಳ ಫೋನು ಬಂತು.

“ಎಲ್ಲಿದೀರಿ? ನಾನು, ಮಗಳು ಸ್ಟೇಶನ್ನಿಗಿ ಹೊಂಟೇವಿ!”

“ಭಾಲ್ಕಿಗಿ ನೀವು ಬಸ್ಸಿನಾಗ ಯಾಕ ಹೋಗ್ತೀರಿ? ನಾನೇ ಬಿಡ್ತೇನಿ,” ಎಂದು ಖಾಸಿಂ ಅಲಿ ಕಾರು ತೆಗೆದ. ಹಿಂದೆ ಟೆಂಪೋದಲ್ಲಿ ಅಡತಿಯವರು, ಅವರ ನಡುವೆ ಹಣಮಂತ, ಹಣಮಂತನ ತೊಡೆಯ ಮೇಲೆ ಮಾದರಿಗೆಂದು ಒಂದು ಟಗರು.

ಭಾಲ್ಕಿ ಸ್ಟೇಶನ್ನಿನಲ್ಲಿ ಈ ಮೆರವಣಿಗೆ ಕಂಡು ಸುಸನ್ನಾ ಬೆರಗಾದಳು. “ಯಾರ ಮದಿವಿ ದಿಬ್ಬಣರಿ ಇದು?”

ಖಾಸಿಂ ಅಲಿ ನೇರವಾಗಿ ಏಂಜೆಲಳ ಬಳಿ ಹೋದ. “ಬೇಟಿ, ಮೊದಲನೇ ಲಾರಿ ಯಾವತ್ತು ಕಳಸ್ಲಿ?”

“ಯಾತರ ಲಾರಿ ಚಾಚಾ?”

“ಬ್ಯಾಳಿದು! ಕಮಿಷನ್ ನಿಂದೇ ಅಲ್ಲಾ?”

ಏಂಜೆಲ ನಕ್ಕುಬಿಟ್ಟಳು. “ಅದು ದಲಾಲಿ ಅಲ್ಲ ಚಾಚಾ. ಫೌಜಿನಾಗ ಕಮಿಷನ್ ಅಂದ್ರ ಅಧಿಕಾರಿ ಹುದ್ದೆ. ನಾ ಕ್ಯಾಪ್ಟನ್, ಹಲ್ಲಿನ ಡಾಕ್ಟರು. ಜವಾನರ ಹಲ್ಲು ನೋಡ್ತೇನಿ.”

ಹಣಮಂತನ ತೋಳಿನಲ್ಲಿದ್ದ ಟಗರು ಎಲ್ಲರ ಪರವಾಗಿ ಬ್ಯಾ ಎಂದಿತು. ಆ ದಿನದ ಚಹಾ, ಗಾದಿ, ಕೈಮುಗಿತ ಎಲ್ಲದರ ಅರ್ಥ ಥಾಮಸನಿಗೆ ಒಮ್ಮೆಲೇ ಹೊಳೆಯಿತು.

ಖಾಸಿಂ ಅಲಿ ಗಡ್ಡ ಕೆರೆದುಕೊಂಡ. “ಅಲ್ಲ ಬೇಟಿ... ಜನರಲ್ ಸಾಹೇಬ್ರಿಗಿ ಹಲ್ಲು ನೋವು ಬಂದ್ರ?”

“ನನ್ನ ಕುರ್ಚಿಯಾಗ ಕುಂಡ್ರಬೇಕು. ನಾ ತೆರೀರಿ ಅಂದ್ರ ಬಾಯಿ ತೆರೀಬೇಕು.”

“ಜನರಲ್ಲು?”

“ಎದಿ ಮ್ಯಾಲಿನ ಪದಕ ಸಮೇತ.”

ಖಾಸಿಂ ಅಲಿಯ ತಲೆಯೊಳಗಿನ ಲಾರಿಗಳೆಲ್ಲ ಮಾಯವಾದವು. “ಕೇಳ್ರೆಪ್ಪಾ! ಜನರಲ್ ಅಂದ್ರ ಎಲ್ಲಾರ ಬಾಯಿ ಮುಚ್ಚಸೋರು. ಅವರ ಬಾಯಿ ತೆರಸೋಳು ನಮ್ಮ ಮುನೀಮನ ಮಗಳು!” ಎಂದು ಸೆಟೆದು ನಿಂತ. ರೈಲು ಹೊರಟಾಗ ಅಡತಿಯವರೆಲ್ಲ ಹಣೆಗೆ ಕೈ ಹಚ್ಚಿ ಸಲಾಮು ಹೊಡೆದರು. ಥಾಮಸನೂ ಹೊಡೆದ.

ಕೈ ಇಳಿಸದೆಯೇ ಮೆಲ್ಲಗೆ ಹೇಳಿದ: “ನಾಳಿಗಿ ಅಂಗಡಿ ತೆಗಿಯೋ ಹೊತ್ತಿಗಿ ಬರ್ತೇನ್ರಿ ಸಾಹುಕಾರ್ರ.”

ಖಾಸಿಂ ಅಲಿ ಕೆಮ್ಮಿದ. “ಅದೇ ಮಾತು ಥಾಮಸ ಭಾಯ್... ನೀವು ಫೌಜಿನ ಅಡತಿ ಹಾಕ್ತೀರಿ, ಇನ್ಯಾಕ ನಮ್ಮಲ್ಲಿ ಬರ್ತೀರಿ ಅಂತ, ಮಧ್ಯಾಹ್ನನೇ ನಿಮ್ಮ ಜಾಗಾದಾಗ ಬ್ಯಾರೇವನ್ನ ಕೂಡ್ಸಿ ಬಂದೇನಿ.”

“ಯಾರನ್ನರಿ?”

“ಬೇಗಂ ತಮ್ಮನ್ನ. ಅವನ್ನ ಎಬ್ಬಿಸಿದ್ರ ನನಗ ಮನ್ಯಾಗ ಜಾಗ ಇಲ್ಲ.”

ಥಾಮಸನ ಕೈ ಹಣೆಯ ಮೇಲೇ ಉಳಿಯಿತು. ರೈಲು ಕಣ್ಮರೆಯಾಗಿ ಎಷ್ಟೋ ಹೊತ್ತಾದರೂ ಇಳಿಯಲಿಲ್ಲ. ದೂರದಲ್ಲಿ ಟಗರು ಹಿಡಿದು ನಿಂತಿದ್ದ ಹಣಮಂತ ಅದನ್ನು ನೋಡಿ, ಇದಪ್ಪಾ ಕ್ಯಾಪ್ಟನ್ ತಂದೆ ಅಂದ್ರ ಎಂದುಕೊಂಡು, ತಾನೂ ಇನ್ನೊಮ್ಮೆ ಸಲಾಮು ಹೊಡೆದ.