ಹನ್ನೆರಡು ಸಮೋಸಾಗಳ ಗುಣಮಟ್ಟ ಪರೀಕ್ಷೆ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ನಾನು ಅಡುಗೆಮನೆಯ ತಕ್ಕಡಿಯಲ್ಲಿ ಆಲೂಗಡ್ಡೆ ಪಲ್ಯ ತೂಗುತ್ತಿದ್ದೆ. ಸಮೋಸಾ ಒಂದಕ್ಕೆ ಮೂವತ್ತು ಗ್ರಾಂ, ಒಟ್ಟು ಹನ್ನೆರಡು ಸಮೋಸಾ. ಪಿತ್ತಕೋಶದ ಆಪರೇಷನ್ ಆಗಿ ನಮ್ಮನೆಯಲ್ಲೇ ಇದ್ದ ಅತ್ತೆ ನಲವತ್ತೊಂದು ದಿನದಿಂದ ಸಪ್ಪೆ ಊಟ ಮಾಡುತ್ತಿದ್ದರು. ಡಾಕ್ಟರು ಹಿಂದಿನ ದಿನವಷ್ಟೇ, "ಎಣ್ಣೆ ತಿಂಡಿ ಆಸೆಯಾದರೆ ಒಂದೆರಡು ತಿನ್ನಿ" ಎಂದಿದ್ದರು. ಅತ್ತೆ ಕೇಳಿದ್ದು ಸಮೋಸಾ.

"ಮೂಲೆ ಅಂಗಡಿಯಿಂದ ತಂದುಬಿಡಿ," ಎಂದಳು ನನ್ನ ಹೆಂಡತಿ.

"ಎಷ್ಟು ಸಲ ಕಾದ ಎಣ್ಣೆಯೋ ಏನೋ. ನಾನೇ ಮಾಡ್ತೀನಿ. ಬಿಸ್ಕತ್ತು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಹದಿನಾಲ್ಕು ವರ್ಷ ಸುಮ್ಮನೆ ಕಳೆದಿಲ್ಲ. ಲೋಕ ಇದುವರೆಗೆ ಕಾಣದ ಸಮೋಸಾ ನಿಮ್ಮಮ್ಮ ಇವತ್ತು ತಿಂತಾರೆ."

"ತಿಂದ್ರೆ ಸಾಕು."

ಆ ಧಾಟಿಗೇ ನನಗೆ ಸಿಟ್ಟು ಬಂತು. ಆ ದಿನದ ಮೊದಲ ಸಿಟ್ಟು.

ಕಾರ್ಖಾನೆಯ ನಿಯಮ ಸರಳ. ಒಂದು ಸಲಕ್ಕೆ ಬೇಯುವ ಪ್ರತಿ ಒಬ್ಬೆಯಿಂದ ಒಂದು ಮಾದರಿ ತೆಗೆದು ತಿಂದು ನೋಡಬೇಕು. ದೋಷ ಕಂಡರೆ ಅದೇ ಒಬ್ಬೆಯಿಂದ ಇನ್ನೆರಡು ತಿಂದು ಖಚಿತಪಡಿಸಿಕೊಳ್ಳಬೇಕು. ಒಂದೇ ಮಾದರಿಯನ್ನು ನಂಬಿ ತೀರ್ಪು ಕೊಡುವುದು ಅನ್ಯಾಯ.

ಬಾಣಲೆಯಿಂದ ಮೊದಲ ಒಬ್ಬೆಯ ನಾಲ್ಕು ಹೊರಬಂದವು. ಒಂದು ತಿಂದೆ. ಉಪ್ಪು ಕಮ್ಮಿ. ಇನ್ನೆರಡು ತಿಂದೆ. ಸಂಶಯವೇ ಇಲ್ಲ, ಕಮ್ಮಿ. ಉಳಿದ ಪಲ್ಯಕ್ಕೆ ಎರಡು ಗ್ರಾಂ ಉಪ್ಪು ಸೇರಿಸಿ ಪುಸ್ತಕದಲ್ಲಿ ಬರೆದುಕೊಂಡೆ.

ಒಳಕೋಣೆಯಿಂದ ಅತ್ತೆಯ ದನಿ ಬಂತು. "ಘಮ ಬರ್ತಿದೆ, ಅಳಿಯಂದ್ರೇ."

"ಹತ್ತು ನಿಮಿಷ, ಅತ್ತೆ."

ಎರಡನೇ ಒಬ್ಬೆಯಿಂದ ಒಂದು ತಿಂದೆ. ಉಪ್ಪು ಸರಿಯಿತ್ತು. ಆದರೆ ಹೊರಗಿನ ಪದರ ಮಳೆಯಲ್ಲಿ ನೆನೆದ ರಟ್ಟಿನಷ್ಟು ಮೆತ್ತಗೆ. ಎಣ್ಣೆಗೆ ಥರ್ಮಾಮೀಟರ್ ಇಟ್ಟರೆ, ನೂರ ಅರವತ್ತು ಡಿಗ್ರಿ ಇರಬೇಕಾದ್ದು ನೂರ ಮೂವತ್ತೆಂಟು.

"ಯಾರು ಉರಿ ತಗ್ಗಿಸಿದ್ದು?"

"ನಾನೇ. ನೀವು ಬರೀತಾ ಕೂತಿದ್ರಿ, ಎಣ್ಣೆ ಹೊಗೆಯಾಡ್ತಿತ್ತು."

"ನನ್ನ ಕೇಳದೆ ಯಾಕೆ ಮುಟ್ಟಿದೆ?"

"ಮನೆ ಹೊತ್ತಿ ಉರಿದ ಮೇಲೆ ಕೇಳ್ಬೇಕಿತ್ತಾ?"

ಎರಡನೇ ಸಿಟ್ಟು. ಆ ಸಿಟ್ಟಿನಲ್ಲೇ ಇನ್ನೆರಡು ತಿಂದೆ. ಮೆತ್ತಗಿರುವುದು ಖಚಿತವಾಯಿತು. ಎಷ್ಟು ಮೆತ್ತಗೆ ಎಂದು ಹೋಲಿಸಲು ಮೊದಲ ಒಬ್ಬೆಯಲ್ಲಿ ಉಳಿದಿದ್ದ ಒಂದನ್ನೂ ತಿಂದೆ.

ಮೂರನೇ ಒಬ್ಬೆ ಬಂಗಾರದ ಬಣ್ಣದಲ್ಲಿ ಹೊರಬಂತು. ಒಂದು ತಿಂದೆ. ಹಲ್ಲು ತಾಕಿದರೆ ಗರಿಗರಿ, ಒಳಗೆ ಹದವಾದ ಉಪ್ಪು ಖಾರ, ಹುಡುಕಿದರೂ ದೋಷವಿಲ್ಲ. ನಿಯಮದ ಪ್ರಕಾರ ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ದೋಷ ಆಕಸ್ಮಿಕವಾಗಿರಬಹುದಾದರೆ ಗುಣವೂ ಆಕಸ್ಮಿಕವಾಗಿರಬಹುದಲ್ಲ? ಇನ್ನೆರಡು ತಿಂದೆ. ಆಕಸ್ಮಿಕವಲ್ಲ.

ಹೆಂಡತಿ ತಟ್ಟೆ ಹಿಡಿದು ಬಂದಳು. "ಹನ್ನೆರಡು ಮಾಡಿದ್ರಲ್ಲ, ಇಲ್ಲಿ ಎರಡೇ ಇದೆ."

"ಪರೀಕ್ಷೆ ನಡೀತಿದೆ."

"ಪರೀಕ್ಷೆ ಅಲ್ಲ, ಊಟ ನಡೀತಿದೆ. ನಲವತ್ತೊಂದು ದಿನ ಬಾಯಿ ಕಟ್ಟಿದ್ದು ಅಮ್ಮನೋ, ನೀವೋ?"

ಹದಿನಾಲ್ಕು ವರ್ಷದ ವಿದ್ಯೆಯನ್ನು ಊಟ ಎಂದುಬಿಟ್ಟರೆ ಯಾರು ಸುಮ್ಮನಿರುತ್ತಾರೆ? "ಗುಣಮಟ್ಟ ಅಂದ್ರೇನು ಗೊತ್ತೇನೇ ನಿನಗೆ? ಈ ಪದರ ನೋಡು," ಎಂದು ಮೂರನೇ ಒಬ್ಬೆಯ ಸಮೋಸಾವನ್ನು ಅವಳ ಮುಖದ ಮುಂದೆ ಮುರಿದೆ. "ಈ ಸದ್ದು ಕೇಳು," ಎಂದು ಕಚ್ಚಿದೆ. ಆಮೇಲೆ ಹೇಳಿದ್ದು ನನಗೇ ಅರ್ಥವಾಗಲಿಲ್ಲ.

"ಮೊದಲು ನುಂಗಿ," ಎಂದಳು, "ಆಮೇಲೆ ಜಗಳ ಆಡಿ."

ಉಳಿದದ್ದು ಎರಡನೇ ಒಬ್ಬೆಯ ಆ ಮೆತ್ತನೆಯದೊಂದೇ. ಹಿಟ್ಟು ಮುಗಿದಿತ್ತು, ಪಲ್ಯ ಮುಗಿದಿತ್ತು, ಭಾನುವಾರವಾದ್ದರಿಂದ ಮೂಲೆ ಅಂಗಡಿಯೂ ಮಧ್ಯಾಹ್ನಕ್ಕೇ ಬಾಗಿಲು ಹಾಕಿತ್ತು. ತಿರಸ್ಕೃತ ಮಾಲನ್ನು ನಾನೇ ತಟ್ಟೆಯಲ್ಲಿಟ್ಟು ಅತ್ತೆಯ ಮುಂದೆ ಹಿಡಿದೆ.

ಅತ್ತೆ ಕಣ್ಣು ಮುಚ್ಚಿ, ಚೂರು ಚೂರಾಗಿ ಮುರಿದು, ನಿಧಾನಕ್ಕೆ ತಿಂದರು. "ಎಷ್ಟು ಮೆತ್ತಗಿದೆ. ನನ್ನ ಕಟ್ಟಿಸಿದ ಹಲ್ಲಿಗೆ ಹೀಗೇ ಬೇಕಿತ್ತು. ಇಂಥದ್ದೇ ಇನ್ನೊಂದಿದ್ರೆ ಕೊಡಿ."

ಇಂಥದ್ದೇ ಮೂರು ನನ್ನ ಹೊಟ್ಟೆಯಲ್ಲಿದ್ದವು. ನನ್ನ ಸಿಟ್ಟೆಲ್ಲ ಇಳಿದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ಖಾಲಿ ಆಯ್ತಮ್ಮ," ಎಂದಳು ಹೆಂಡತಿ. "ಹನ್ನೊಂದು ಪರೀಕ್ಷೆಗೆ ಹೋಯ್ತು."

ಅತ್ತೆ ಬೆರಳು ಒರೆಸಿಕೊಂಡು ನನ್ನ ಮುಖವನ್ನೇ ನೋಡಿದರು. "ಮದುವೆ ಮಾತುಕತೆ ದಿನ ನಾನೊಂದು ಪ್ರಶ್ನೆ ಕೇಳಿದ್ದೆ, ನೆನಪಿದೆಯಾ ಅಳಿಯಂದ್ರೇ? ಪರೀಕ್ಷೆ ಅಂತ ಕಾರ್ಖಾನೆ ಬಿಸ್ಕತ್ತನ್ನೆಲ್ಲ ನೀವೇ ತಿಂದು ಮುಗಿಸಲ್ವಾ ಅಂತ."

ನೆನಪಿತ್ತು. ಎರಡೂ ಕಡೆಯ ಹಿರಿಯರ ಮುಂದೆ ಎದೆಯುಬ್ಬಿಸಿ, ಇಡೀ ಪಡಸಾಲೆಗೆ ಕೇಳುವ ಹಾಗೆ ಉತ್ತರ ಕೊಟ್ಟಿದ್ದೆ: "ಸಾವಿರಕ್ಕೆ ಎರಡು."