ಬಿಲ್ಲಲ್ಲಿ ಕಾಣದ ಲಾಭ

"ಮುಂದಿನ ಕರೆಂಟ್ ಬಿಲ್ ಅರ್ಧಕ್ಕೆ ಇಳೀಲಿಲ್ಲ ಅಂದ್ರೆ ಆರು ತಿಂಗಳು ಪಾತ್ರೆ ನಾನೇ ಉಜ್ತೀನಿ ಕಣೇ! ಕೆಂಗಲ್ ಹನುಮಂತರಾಯನಾಣೆ!"

ಚನ್ನಪಟ್ಟಣದ ಪಂಚಾಕ್ಷರಯ್ಯನವರು ಈ ಭೀಷ್ಮಪ್ರತಿಜ್ಞೆ ಮಾಡಿದ್ದು, ಹೆದ್ದಾರಿ ಪಕ್ಕದ ತಮ್ಮ ಮನೆಯ ಕಿಟಕಿಗಳಿಗೆಲ್ಲ ಎರಡು ಪದರದ ಗಾಜು ಹಾಕಿಸಿದ ದಿನ. ಹೆಂಡತಿ ಬಸವಲಿಂಗಮ್ಮ ಹೊಸ ಅಡುಗೆಕಟ್ಟೆಗೆಂದು ಕೂಡಿಟ್ಟಿದ್ದ ದುಡ್ಡೆಲ್ಲ ಗಾಜಾಗಿ ಕೂತಿತ್ತು.

"ಅರ್ಧ ಗಂಟೆ ಎಸಿ ಹಾಕಿದ್ರೆ ಸಾಕು, ತಂಪು ಆಚೆ ಹೋಗಕ್ಕೆ ದಾರೀನೇ ಇಲ್ಲ!"

ತಂಪು ಆಚೆ ಹೋಗಲಿಲ್ಲ, ನಿಜ. ಪಂಚಾಕ್ಷರಯ್ಯನವರೂ ಹೋಗಲಿಲ್ಲ! ಇಷ್ಟು ಚೆನ್ನಾಗಿ ನಿಲ್ಲುವ ತಂಪನ್ನು ಅನುಭವಿಸದಿದ್ದರೆ ಪಾಪ ಬರುತ್ತದೆಂದು ಬೆಳಗಿನಿಂದ ಸಂಜೆವರೆಗೆ ಎಸಿ ಹಾಕಿಕೊಂಡು, ರಗ್ಗು ಹೊದ್ದು ಬಿದ್ದುಕೊಂಡರು. ತಿಂಗಳಾದ ಮೇಲೆ ಬಿಲ್ಲು ಬಂತು. ಇಳಿದದ್ದು ಬರೋಬ್ಬರಿ ನಲವತ್ತು ರೂಪಾಯಿ!

ಎಸಿ ಓಡುತ್ತಿದ್ದರೂ ಅಯ್ಯನವರು ಬೆವತುಹೋದರು. ಬಿಲ್ಲನ್ನು ದಿಂಬಿನ ಕವರಿನೊಳಗೆ ತುರುಕಿ, ಕೋಣೆ ಬಾಗಿಲು ಮುಚ್ಚಿ, ಗೆಳೆಯ ಉದಯಶಂಕರ್‌ಗೆ ಗುಟ್ಟಾಗಿ ಫೋನ್ ಮಾಡಿದರು.

"ಮೆಲ್ಲಗೆ ಮಾತಾಡ್ತಾ ಇವ್ನಿ, ಕೇಳುಸ್ತೈತೇನ್ಲಾ?"

"ಫೋನ್ ಮಡುಗುದ್ರೂ ಕೇಳುಸ್ತೈತೆ, ಹೇಳ್ಲಾ."

"ಬಿಲ್ಲ ದಿಂಬೊಳಗೆ ಬಚ್ಚಿಟ್ಟಿವ್ನಿ ಕಣ್ಲಾ. ಅರ್ಧ ಇಳೀತು ಅಂತ ಪುಂಗಿ ಊದ್ಬುಡ್ತೀನಿ. ಅವಳಿಗೇನು ಗೊತ್ತಾಯ್ತದೆ!"

"ಸುಳ್ಳು ಯಾಕ್ಲಾ? ಧೂಳು ಕಮ್ಮಿ ಆಗಿಲ್ವಾ? ನಿದ್ದೆ ಬತ್ತಾ ಇಲ್ವಾ? ಬಿಲ್ಲಲ್ಲಿ ಕಾಣ್ದೇ ಇರೋ ಲಾಭಕ್ಕೆಲ್ಲ ಒಸಿ ಬೆಲೆ ಕಟ್ಟು!"

ಆಹಾ, ಹೋದ ಜೀವ ಬಂದಂತಾಯಿತು! ಪಂಚಾಕ್ಷರಯ್ಯನವರು ಪಂಚೆ ಕೊಡವಿಕೊಂಡು ಅಡುಗೆಮನೆಗೆ ದಯಮಾಡಿಸಿದರು. ಬಸವಲಿಂಗಮ್ಮ ಪಾತ್ರೆ ಉಜ್ಜುತ್ತಿದ್ದರು.

"ನೋಡೇ, ಬಿಲ್ ಅನ್ನೋದು ಜುಜುಬಿ ವಿಷ್ಯ. ದಿನಕ್ಕೆರಡು ಸಲ ಧೂಳು ಒರೆಸ್ತಿದ್ದೆ, ಈಗ ವಾರಕ್ಕೊಂದ್ಸಲ. ಅದಕ್ಕೆ ತಿಂಗಳಿಗೆ ಐನೂರು ಹಾಕ್ಕೋ. ನಿನ್ ಕೆಮ್ಮು ನಿಂತೋಯ್ತು, ಇನ್ನೂರು. ಒಳ್ಳೆ ನಿದ್ದೆಗೆ ಮುನ್ನೂರು. ಇನ್ನು ಲಾರಿ ಸದ್ದೇ ಇಲ್ವಲ್ಲ, ಅದಕ್ಕೆ ಎಷ್ಟು ಬೆಲೆ ಕಟ್ತೀಯಾ?"

ಬಸವಲಿಂಗಮ್ಮ ಸೆರಗಿಗೆ ಕೈ ಒರೆಸಿಕೊಂಡರು.

"ಅದಕ್ಕೆ ಬೆಲೆ ಕಟ್ಟಕ್ಕೇ ಆಗಲ್ಲ ಕಣ್ರೀ."

ಪಂಚಾಕ್ಷರಯ್ಯನವರು ಹಿಗ್ಗಿ ಹೀರೇಕಾಯಿಯಾದರು! "ನೋಡ್ದಾ? ನೀನೇ ಒಪ್ಕೊಂಡೆ!"

"ಊಂ ಮತ್ತೆ! ಮದ್ವೆ ಆಗಿ ಇಪ್ಪತ್ತೈದು ವರ್ಷ, ಆ ಲಾರಿ ಗಲಾಟೇಲಿ ನೀವು ಕೋಣೇಲಿ ಕೂತು ಏನು ಮಾತಾಡ್ತೀರೋ ನಂಗೆ ಒಂದೂ ಕೇಳ್ತಿರ್ನಿಲ್ಲ. ಈಗ ಲಾರಿ ಸದ್ದು ನಿಂತೈತೆ, ನಿಮ್ ಗಂಟ್ಲು ಮಾತ್ರ ಇನ್ನೂ ರೋಡಲ್ಲೇ ಐತೆ! ಮೊದ್ಲು ಆ ದಿಂಬಲ್ಲಿರೋ ಬಿಲ್ ತತ್ತೀರೋ, ಇಲ್ಲಾ ಈ ಬಾಣ್ಲೆ ಉಜ್ಬುಟ್ಟು ಹೋಯ್ತೀರೋ?"