ಹಾಡಿಗೆ ಹೊಸ ಬೇರಿಂಗ್

ಮಗಳು: ನನ್ನನ್ನ ಒಂದು ಮಾತು ಕೇಳದೆ ಯಾಕಮ್ಮ ರಿಪೇರಿ ಮಾಡಿಸಿದೆ?

ತಾಯಿ: ವಾಷಿಂಗ್ ಮಷಿನ್ ಕೆಟ್ಟಿತ್ತು, ಮಾಡಿಸಿದೆ. ಹಲ್ಲು ನೋವಿಗೆ ಊರೋರನ್ನೆಲ್ಲ ಕೇಳಿ ಡಾಕ್ಟರ ಹತ್ರ ಹೋಗ್ತಾರಾ?

ಮಗಳು: ಅದು ಕೆಟ್ಟಿರಲಿಲ್ಲ. ಬಾರಿಸ್ತಿತ್ತು.

(ಮೂವರೂ ನಿಂತಿರುವುದು ಬಚ್ಚಲುಮನೆಯ ಬಾಗಿಲಲ್ಲಿ. ಕ್ಲಬ್ಬುಗಳಲ್ಲಿ ಜನ ಕುಣಿಯುವ ಎಲೆಕ್ಟ್ರಾನಿಕ್ ಸಂಗೀತ ತಯಾರಿಸುವುದು ಮಗಳ ಕಸುಬು. ಕತ್ತಿಗೆ ಹೆಡ್‌ಫೋನ್ ನೇತುಹಾಕಿಕೊಂಡು, ಮೈಕನ್ನು ಸೌಟಿನಂತೆ ಹಿಡಿದಿದ್ದಾಳೆ. ಮೆಕ್ಯಾನಿಕ್ ಸ್ಪ್ಯಾನರ್ ಒರೆಸುತ್ತಿದ್ದಾನೆ. ಮಷಿನ್ ತಿರುಗುತ್ತಿದೆ, ಸದ್ದೇ ಇಲ್ಲ.)

ಮೆಕ್ಯಾನಿಕ್: ಬೇರಿಂಗ್ ಪೂರ್ತಿ ಸವೆದಿತ್ತು ಕಣಮ್ಮ. ಈಗ ನೋಡು, ಬೆಣ್ಣೆ ಥರ ತಿರುಗ್ತಿದೆ.

ಮಗಳು: ಬೆಣ್ಣೆಗೆ ಯಾರಾದ್ರೂ ಕುಣೀತಾರಾ ಮಾಮ? ಹಳೇ ಬೇರಿಂಗ್ ವಾಪಸ್ ಹಾಕಿ. ಮೊದಲಿದ್ದ ಹಾಗೇ ಕೆಡಿಸಿ.

ಮೆಕ್ಯಾನಿಕ್: ಇಷ್ಟು ವರ್ಷದ ಕಸುಬಲ್ಲಿ ಎಷ್ಟೋ ಮಷಿನ್ ಕೆಡಿಸಿದ್ದೀನಿ. ಬೇಕು ಅಂತ ಒಂದನ್ನೂ ಕೆಡಿಸಿಲ್ಲ.

ತಾಯಿ: ಆ ಸದ್ದನ್ನ ರೆಕಾರ್ಡ್ ಮಾಡಿ ಇಟ್ಕೊಂಡಿದ್ದೀಯಲ್ಲ, ಅದನ್ನೇ ಹಾಕು.

ಮಗಳು: ಒಂದೊಂದು ಬಟ್ಟೆಗೆ ಒಂದೊಂದು ತಾಳ ಅಮ್ಮ. ಬೆಡ್‌ಶೀಟ್ ಹಾಕಿದ್ರೆ ನಿಧಾನ. ಜೀನ್ಸ್ ಹಾಕಿದ್ರೆ ಎದೆಗೆ ಗುದ್ದುತ್ತೆ. ಟವೆಲ್ ಎಲ್ಲಾ ಒಂದೇ ಪಕ್ಕ ತುರುಕಿದ್ರೆ ಕುಂಟುತ್ತೆ. ಆ ಕುಂಟೋ ತಾಳಕ್ಕೇ ಜನ ಹುಚ್ಚೆದ್ದು ಕುಣಿಯೋದು.

ತಾಯಿ: ಒಗೆದ ಟವೆಲನ್ನೇ ಮತ್ತೆ ಮತ್ತೆ ಒಗೀತಿದ್ದದ್ದು ಇದಕ್ಕಾ? ನನ್ನ ಮಗಳಿಗೂ ಶುಚಿ ಅನ್ನೋದು ಬಂತು ಅಂದ್ಕೊಂಡಿದ್ದೆ.

ಮೆಕ್ಯಾನಿಕ್: ಅದಕ್ಕೇ ಬೇರಿಂಗ್ ಹೋಗಿರೋದು.

ಮಗಳು: ನೀವು ಸುಮ್ನಿರಿ ಮಾಮ. ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ.

ಮೆಕ್ಯಾನಿಕ್: ಕಸ್ತೂರಿ ಅಂದ್ರೆ ಈ ತುಕ್ಕು ಹಿಡಿದ ಬೇರಿಂಗಾ?

ಮಗಳು: ವಾರದ ಕೊನೆಗೆ ಕ್ಲಬ್ಬಲ್ಲಿ ಹೊಸ ಹಾಡು ಹಾಕಬೇಕು. ಕೈಲಿ ಏನೂ ಇಲ್ಲ. ಹಾಕದೇ ಹೋದ್ರೆ ನನ್ನ ಜಾಗಕ್ಕೆ ಬೇರೆಯವರನ್ನ ಕರೀತಾರೆ.

ತಾಯಿ: ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನೀನು ನೆಲ ನೆಟ್ಟಗಾಯ್ತು ಅಂತ ಅಳ್ತಿದ್ದೀಯ.

ಮಗಳು: ನಿನಗೆ ಸಂಗೀತ ತಿಳಿಯಲ್ಲ.

(ತಾಯಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಳು. ಇದು ಬೇಗ ಮುಗಿಯುವ ಜಗಳವಲ್ಲವೆಂದು ಮೆಕ್ಯಾನಿಕ್‌ಗೂ ಗೊತ್ತಾಯಿತು.)

ತಾಯಿ: ತಿಳಿಯಲ್ಲ. ಗೋಡೆ ಆಚೆ ಇದ್ದು ಕೇಳಿದ್ದೀನಿ, ಅಷ್ಟೆ. ಮೊದಲು ಬಾಗಿಲು ಕಿರುಗುಟ್ಟಿಸಿ ಹಾಡು ಕಟ್ಟಿದೆ. ಒರಟು, ಆದ್ರೆ ನಿನ್ನದು. ಆಮೇಲೆ ಯಾವ್ಯಾವುದೋ ಗುಂಡಿ ತಿರುಗಿಸೋ ಪೆಟ್ಟಿಗೆ ತಂದು ಎಲ್ಲಾ ನುಣ್ಣಗೆ ಮಾಡಿದೆ. ಜನ ಗ್ಲಾಸ್ ಹಿಡ್ಕೊಂಡು ಗೋಡೆಗೆ ಒರಗಿ ನಿಂತ್ರು ಅಂತ ನೀನೇ ಬಂದು ಅತ್ತೆ. ಆಮೇಲೆ ಈ ಮಷಿನ್ ಸಿಕ್ತು. ಅದರ ಮೊದಲ ಹಾಡಿಗೆ ಪಾತ್ರೆ ತೊಳೀತಾ ನಾನೇ ಕುಂಡಿ ಆಡಿಸಿದ್ದೆ.

ಮಗಳು: ಮತ್ತಿನ್ನೇನು?

ತಾಯಿ: ಆಮೇಲಿನ ಹಾಡುಗಳಲ್ಲಿ ಏನಿತ್ತೇ? ನೆನೆಸು, ಒಗಿ, ಹಿಂಡು. ನೆನೆಸು, ಒಗಿ, ಹಿಂಡು. ಹಾಡು ಮುಗಿದ್ರೆ ಬಟ್ಟೆ ಒಣಹಾಕೋಕೆ ಏಳೋ ಹಾಗಾಗ್ತಿತ್ತು. ನೀನು ಹುಡುಕೋದು ಬಿಟ್ಟಿದ್ದೆ ಕಣೇ. ಅದಕ್ಕೇ ಈ ಪುಣ್ಯಾತ್ಮನ್ನ ಕರೆಸಿದ್ದು.

ಮಗಳು: ಬಟ್ಟೆಗೋಸ್ಕರ ಅಲ್ವಾ?

ತಾಯಿ: ಬಟ್ಟೆಗೇನು, ನೀನು ಹುಟ್ಟೋಕ್ಕೆ ಮುಂಚೆ ಕೈಲೇ ಒಗೀತಿದ್ದೆ.

(ಮಗಳು ಮೈಕನ್ನು ಮಷಿನ್ನಿಗೆ ಹಿಡಿದು ನೋಡಿದಳು. ಇದೇ ಸಮಯವೆಂದು ಮೆಕ್ಯಾನಿಕ್ ಚೀಲ ಎತ್ತಿಕೊಂಡು ಬೀದಿಗಿಳಿದ. ಅಲ್ಲಿ ನಿಲ್ಲಿಸಿದ್ದ ತನ್ನ ಸ್ಕೂಟರಿನ ಕಿಕ್ ಒದ್ದ. ಅದು ಕೆಮ್ಮಿತು, ಬಿಕ್ಕಿತು, ಒಂದು ಗಳಿಗೆ ಯೋಚಿಸಿ ಮತ್ತೆ ಕೆಮ್ಮಿ ಸತ್ತಿತು. ಮತ್ತೆ ಒದ್ದ. ಅದೇ ಕೆಮ್ಮು, ಅದೇ ಬಿಕ್ಕು. ಮಗಳು ಹೆಡ್‌ಫೋನ್ ಕಿವಿಗೇರಿಸಿ, ಮೈಕ್ ಹಿಡಿದು ಬರಿಗಾಲಲ್ಲಿ ಬೀದಿಗೆ ಓಡಿದಳು. ತಾಯಿ ಮೇಲಿನ ಕಿಟಕಿಗೆ ಬಂದಳು.)

ಮಗಳು: ಇನ್ನೊಂದ್ಸಲ ಒದೀರಿ ಮಾಮ.

ಮೆಕ್ಯಾನಿಕ್: ಇರಮ್ಮ, ಈ ಸಲ ಸ್ಟಾರ್ಟ್ ಆಗೋ ಹಾಗಿದೆ.

ಮಗಳು: ಆಗದ ಹಾಗೆ ಒದೀರಿ.

ಮೆಕ್ಯಾನಿಕ್: (ಕಿಟಕಿಯತ್ತ) ಅಮ್ಮಾವ್ರೇ, ಇನ್ನೂ ಎಷ್ಟೋ ಮನೆಗೆ ಹೋಗ್ಬೇಕು ನಾನು. ನಿಮ್ಮ ಮಗಳಿಗೆ ಸ್ವಲ್ಪ ಬುದ್ಧಿ ಹೇಳಿ.

ತಾಯಿ: ಹೇಳ್ತೀನಿ ಇರಪ್ಪ. ಲೇ, ಮೈಕನ್ನ ಅಷ್ಟು ದೂರ ಹಿಡೀಬೇಡ ಕಣೇ. ಸೈಲೆನ್ಸರ್ ಪಕ್ಕ ಹಿಡಿ.